ಬರೋಬರಿ

ಹೋದ ಶ್ರಾವಣದ ಒಂದು ಮುಂಜಾನೆ ನಮ್ಮೂರಿನ ಹಿರಿಯ ಪೈಲ್ವಾನರು ಮನೆಯ ಕಟ್ಟೆಗೆ ಬಂದು ಕೂತರು. ಎಪ್ಪತ್ತೆಂಟು ದಾಟಿದ ಜೀವ. ಮೊಣಕಾಲು ಮಡಚಲು ಬಾರದು, ಮೆಟ್ಟಿಲು ಹತ್ತಲು ಕಂಬ ಹಿಡಿಯಬೇಕು. ಆದರೆ ಕೂತ ಮೇಲೆ ಅವರು ಬೆನ್ನನ್ನು ಗೋಡೆಗೆ ಆನಿಸಿದ್ದನ್ನು ನಾನು ಇವತ್ತಿನವರೆಗೂ ಕಂಡಿಲ್ಲ. ಕೈಯಲ್ಲಿ ಕೆಂಪು ವಸ್ತ್ರದ ಒಂದು ಗಂಟಿತ್ತು.

"ಮಾಸ್ತರ, ಒಂದ ಅರ್ಜಿ ಬರದ ಕೊಡ್ರಿ," ಅಂದರು.

ಮಾಜಿ ಪೈಲ್ವಾನರಿಗೆ ಸರಕಾರ ಕೊಡುವ ಮಾಸಾಶನದ ಅರ್ಜಿ. ಅದಕ್ಕಾಗಿ ಆಗಲೇ ಒಂದು ಕಚೇರಿಗೆ ಎರಡು ಸಲ ಅಲೆದು ಬಂದಿದ್ದರು. ಅಲ್ಲಿದ್ದ ಹುಡುಗ ಕೆಟ್ಟವನೇನಲ್ಲ. ಕುರ್ಚಿ ಕೊಟ್ಟು ಕೂರಿಸಿದ್ದಾನೆ, ಚಹಾ ತರಿಸಿದ್ದಾನೆ. ಆಮೇಲೆ ಕೇಳಿದ್ದಾನೆ: "ಅಜ್ಜಾರ, ಯಾವ ಮಟ್ಟದಾಗ ಆಡೀರಿ? ರಾಜ್ಯ ಮಟ್ಟನೋ ರಾಷ್ಟ್ರ ಮಟ್ಟನೋ? ಸರ್ಟಿಫಿಕೇಟ್ ತೋರಸ್ರಿ." ಪೈಲ್ವಾನರು ಪಟಕಾ ಬಿಚ್ಚಿ ಎಡಗಿವಿ ಮುಂದೆ ಮಾಡಿದರಂತೆ. "ಇದ ನೋಡಪಾ ಸರ್ಟಿಫಿಕೇಟ್!"

ಆ ಕಿವಿಯನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಎದುರಾಳಿಯ ತಲೆಗೆ ತಿಕ್ಕಿ ತಿಕ್ಕಿ, ಒಳಗೆ ರಕ್ತ ಹೆಪ್ಪುಗಟ್ಟಿ, ಒಣ ಅಂಜೂರದ ಹಾಗೆ ಮುದುರಿಕೊಂಡ ಕಿವಿ. ಬಸ್ಸಿನಲ್ಲಿ ಅಂಥ ಕಿವಿಯವರು ಹತ್ತಿದರೆ ಜನ ಸರಿದು ಜಾಗ ಬಿಡುತ್ತಿದ್ದ ಕಾಲ ಒಂದಿತ್ತು. ಕಚೇರಿಯ ಹುಡುಗನಿಗೆ ಆ ಓದು ಬಾರದು. ಅದು ಅವನ ತಪ್ಪೂ ಅಲ್ಲ.

ಗಂಟು ಬಿಚ್ಚಿದರು. ಹದಿನೆಂಟು ತೊಲೆಯ ಒಂದು ಬೆಳ್ಳಿ ಕಡಗ. ಅಂಚು ಹರಿದ, ಬಣ್ಣ ಹಾರಿದ ಎರಡು ಜಾತ್ರೆಯ ಹ್ಯಾಂಡ್‌ಬಿಲ್ಲು. ಅಷ್ಟೇ. "ಇನ್ನೂ ನಾಕ ಕಡಗ ಇದ್ವು ಮಾಸ್ತರ. ಒಂದೊಂದ ಬರಗಾಲಕ್ಕ ಒಂದೊಂದ ಹ್ವಾದ್ವು."

ಜಾತ್ರೆಯ ಕುಸ್ತಿಗೆ ಯಾವ ಮಟ್ಟವೆಂದು ಬರೆಯಬೇಕು? ಹಲಗಿ ಬಾರಿಸಿ, ಕೆಮ್ಮಣ್ಣಿನ ಕಣ ಹದ ಮಾಡಿ, ಹುಡುಗರ ಸಣ್ಣ ಜೋಡಿಗಳಿಂದ ಹಿಡಿದು ಹೊತ್ತು ಮುಳುಗುವಾಗ ಕಡಗದ ಜೋಡಿಯವರೆಗೆ ಬಿಡುತ್ತಿದ್ದ ಆ ಕುಸ್ತಿಗಳಿಗೆ ದಾಖಲೆ ಇಡುವವರು ಯಾರಿದ್ದರು? ಅರ್ಜಿಯ ನಮೂನೆ ಹಿಡಿದುಕೊಂಡು ನಾನು ಬಹಳ ಹೊತ್ತು ಸುಮ್ಮನೆ ಕೂತೆ. "ನಾಳೆ ಬರ್ರಿ ಕಾಕಾ, ವಿಚಾರ ಮಾಡಿ ಬರಿತೇನಿ," ಎಂದು ಕಳಿಸಿದೆ.

ಅದೇ ರಾತ್ರಿ ನ್ಯೂಜೆರ್ಸಿಯಿಂದ ಅಕ್ಕನ ಮಗನ ಫೋನು. ಅವನಿಗೆ ಅಲ್ಲಿನ ಫುಟ್‌ಬಾಲಿನ ಹುಚ್ಚು. ಕೈಯಲ್ಲಿ ಹಿಡಿದು ಓಡುವ ಚೆಂಡಿಗೆ ಕಾಲಿನ ಹೆಸರು ಯಾಕಿಟ್ಟರೋ, ಆ ಮಾತು ಬೇರೆ. ಪೈಲ್ವಾನರ ಕಥೆ ಹೇಳಿದರೆ ಅವನು ನಕ್ಕ. "ಮಾಮಾ, ಇಲ್ಲೂ ಅದ ಜಗಳ ನಡದೈತಿ."

ಅವನ ಮೆಚ್ಚಿನ ತಂಡದಲ್ಲಿ ಈಲೈ ಮ್ಯಾನಿಂಗ್ ಎಂಬ ಕ್ವಾರ್ಟರ್‌ಬ್ಯಾಕ್ ಇದ್ದ. ಆಟ ಶುರುವಾದೊಡನೆ ಚೆಂಡು ಮೊದಲು ಸಿಗುವುದು ಅವನಿಗೆ. ಯಾರಿಗೆ ಎಸೆಯಬೇಕು, ಯಾವಾಗ ಎಸೆಯಬೇಕು ಎಂಬ ತೀರ್ಮಾನ ಅವನದು. ಹದಿನಾರು ವರ್ಷ ಒಂದೇ ತಂಡ. 2004ರಿಂದ 2017ರವರೆಗೆ ಸತತ 210 ಪಂದ್ಯಗಳನ್ನು ಅವನೇ ಆರಂಭಿಸಿದ. ದೇಶವೇ ಕಣ್ಣು ನೆಟ್ಟು ನೋಡುವ ಸೂಪರ್ ಬೌಲ್ ಎಂಬ ಅಂತಿಮ ಪಂದ್ಯವನ್ನು 2008ರಲ್ಲೊಮ್ಮೆ, 2012ರಲ್ಲೊಮ್ಮೆ ಗೆಲ್ಲಿಸಿಕೊಟ್ಟ. ಎರಡು ಸಲವೂ ಶ್ರೇಷ್ಠ ಆಟಗಾರ ಅವನೇ. ಹಾಗಾದರೆ ಜಗಳ ಯಾಕೆ? ಲೀಗ್ ಪಂದ್ಯಗಳ ಲೆಕ್ಕ ತೆಗೆದರೆ ಗೆದ್ದದ್ದು 117, ಸೋತದ್ದು 117. ಓಹಾಯೋ ರಾಜ್ಯದ ಕ್ಯಾಂಟನ್ ಎಂಬ ಊರಿನಲ್ಲಿ 1963ರಿಂದ ಆ ಆಟದ್ದೊಂದು ಕೀರ್ತಿಮಂದಿರವಿದೆ. ಅದರೊಳಗೆ ಹೋಗಲು ನಿವೃತ್ತಿಯಾಗಿ ಐದು ವರ್ಷ ಕಳೆಯಬೇಕು. ಆಮೇಲೆ ಆಯ್ಕೆಗಾರರಲ್ಲಿ ನೂರಕ್ಕೆ ಎಂಬತ್ತು ಜನ ಹೂಂ ಅನ್ನಬೇಕು. 2025ರಲ್ಲಿ ಮ್ಯಾನಿಂಗ್‌ನ ಹೆಸರು ಮೊದಲ ಸಲ ಬಂದಾಗ ಬಾಗಿಲು ತೆರೆಯಲಿಲ್ಲ.

"ಎರಡ ಸಲ ಗೆಲ್ಲಿಸ್ಯಾನ ಮಾಮಾ, ಎರಡ ಸಲ! ಅಂಥವಗ ಸರಾಸರಿ ಲೆಕ್ಕಾ ಹಾಕ್ತಾರ," ಎಂದು ಅವನು ಕೂಗಾಡಿದ. ನನಗೆ ನೆನಪಾದವರು ಬೇರೆ ಒಬ್ಬರು: ಗದಗಿನ ಸುನಿಲ್ ಜೋಶಿ.

ಗದಗ ನಮಗೆ ಹೊರಗಿನ ಊರಲ್ಲ. 1997ರಲ್ಲಿ ಜಿಲ್ಲೆ ಒಡೆಯುವವರೆಗೆ ಅದೂ ಧಾರವಾಡ ಜಿಲ್ಲೆಯೇ. ಶಾಲೆ ಕಲಿಯುವ ಆ ಹುಡುಗ ಕ್ರಿಕೆಟ್ ಅಭ್ಯಾಸಕ್ಕೆಂದು ನಸುಕಿನಲ್ಲೇ ಎದ್ದು ಹುಬ್ಬಳ್ಳಿಗೆ ಹೋಗಿ, ಶಾಲೆಯ ಹೊತ್ತಿಗೆ ಮತ್ತೆ ಗದಗಿಗೆ ಮರಳುತ್ತಿದ್ದ ಎಂಬುದು ಈಗ ಎಲ್ಲರೂ ಬಲ್ಲ ಕಥೆ. ಒಂದು ದಿಕ್ಕಿಗೇ ಸುಮಾರು 60 ಕಿಲೋಮೀಟರ್. ರೈಲಾಗಲಿ ಬಸ್ಸಾಗಲಿ, ನಡುವೆ ನಮ್ಮೂರು ಅಣ್ಣಿಗೇರಿ ದಾಟಲೇಬೇಕು. ಆ ಹೊತ್ತಿನಲ್ಲಿ ನಮ್ಮ ಸ್ಟೇಶನ್ನಿನಲ್ಲಿ ಏನಿರುತ್ತದೆಂದು ನನಗೆ ಗೊತ್ತು. ಹಾಲಿನ ಕ್ಯಾನು, ಹುಬ್ಬಳ್ಳಿ ಪೇಟೆಗೆ ಹೋಗುವ ಮೆಣಸಿನಕಾಯಿ ಚೀಲ, ಕಂಬಳಿ ಹೊದ್ದು ತೂಕಡಿಸುವ ನಾಲ್ಕು ಜನ. ಮಳೆಗಾಲದಲ್ಲಿ ಕಾಲಿಗೆ ಒಂದೊಂದು ಸೇರು ಎರೆಮಣ್ಣು. ಅವರ ನಡುವೆ ಚೆಂಡು ಹಿಡಿದ ಒಬ್ಬ ಹುಡುಗ ನಮ್ಮೂರು ದಾಟಿ ಹೋಗುತ್ತಿದ್ದಾನೆ ಎಂಬುದು ನಮ್ಮಲ್ಲಿ ಯಾರಿಗೆ ತಿಳಿದಿತ್ತು?

ತಿಳಿದದ್ದು ತಡವಾಗಿ. 1999ರ ಸೆಪ್ಟೆಂಬರ್ 26, ಭಾನುವಾರ. ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾದ ಎದುರು ಒಂದು ದಿನದ ಪಂದ್ಯ. ಚಹಾದಂಗಡಿಯ ಟಿವಿಯ ಮುಂದೆ ಅರ್ಧ ಊರು ನೆರೆದಿತ್ತು. ಜೋಶಿಯವರ ಎಡಗೈ ಸ್ಪಿನ್ನಿಗೆ ಗಿಬ್ಸ್ ಹೋದ, ಕ್ರೋನ್ಯೆ ಹೋದ, ಜಾಂಟಿ ರೋಡ್ಸ್ ಹೋದ. ಹತ್ತು ಓವರು, ಆರು ಮೇಡನ್, ಆರು ರನ್ನು, ಐದು ವಿಕೆಟ್ಟು. ದಕ್ಷಿಣ ಆಫ್ರಿಕಾ 117ಕ್ಕೆ ಆಲೌಟ್. (ಆ ಅಂಕಿ ಮತ್ತೆ ಬಂತು ನೋಡಿ, ಅಳಿಯನಿಗೆ ಹೇಳಿದರೆ ಮಾಮಾ ಜ್ಯೋತಿಷ್ಯ ಕಲಿತಿದ್ದಾನೆ ಅಂದಾನು.) "ನಮ್ಮ ಗದಗಿನ ಹುಡುಗಪಾ!" ಎಂದು ಅಂಗಡಿಯವನು ಎಲ್ಲರಿಗೂ ಪುಕ್ಕಟೆ ಚಹಾ ಕೊಟ್ಟ. ಜಿಲ್ಲೆ ಬೇರೆಯಾಗಿ ಎರಡು ವರ್ಷವಾಗಿತ್ತು, ಹುಡುಗ ಬೇರೆಯಾಗಿರಲಿಲ್ಲ.

ಇನ್ನೊಂದು ಪಂದ್ಯ ಹೆಚ್ಚಿನವರಿಗೆ ನೆನಪಿಲ್ಲ. 2000ದ ನವೆಂಬರ್, ಢಾಕಾ. ಬಾಂಗ್ಲಾದೇಶದ ಮೊಟ್ಟಮೊದಲ ಟೆಸ್ಟ್. ಸೌರವ್ ಗಂಗೂಲಿ ನಾಯಕನಾದ ಮೊದಲ ಟೆಸ್ಟ್ ಕೂಡ. ಜನ ಈ ಎರಡನ್ನು ನೆನೆಯುತ್ತಾರೆ. ಆ ಪಂದ್ಯದಲ್ಲಿ ಎಂಟು ವಿಕೆಟ್ ಕಿತ್ತು, 92 ರನ್ ಹೊಡೆದು, ಪಂದ್ಯಶ್ರೇಷ್ಠನಾದವರು ಜೋಶಿ. ಅದೇ ತಿಂಗಳು ಜಿಂಬಾಬ್ವೆಯ ಎದುರು ಆಡಿದರು. ಅಲ್ಲಿಗೆ ಅವರ ಟೆಸ್ಟ್ ಬಾಳು ಮುಗಿಯಿತು. ಒಟ್ಟು ಹದಿನೈದೇ ಟೆಸ್ಟ್, 41 ವಿಕೆಟ್.

ಮುಗಿದ ಮೇಲೂ ಅವರು ಆಡಿದರು. ನನಗೆ ದೊಡ್ಡದೆನಿಸುವುದು ಇದು. ದೇಶದ ಬಾಗಿಲು ಮುಚ್ಚಿತೆಂದು ಗೊತ್ತಾದ ಮೇಲೆ ಇನ್ನೂ ಹತ್ತು ವರ್ಷ ಕರ್ನಾಟಕಕ್ಕೆ ರಣಜಿ ಆಡಿ, 2012ರಲ್ಲಿ ನಿವೃತ್ತರಾಗುವಾಗ ಪ್ರಥಮ ದರ್ಜೆಯಲ್ಲಿ 615 ವಿಕೆಟ್, ಐದು ಸಾವಿರಕ್ಕೂ ಮಿಕ್ಕಿ ರನ್. ಹಿಂದೆ, 1995-96ರ ಒಂದೇ ರಣಜಿ ಋತುವಿನಲ್ಲಿ 500 ರನ್ನನ್ನೂ 50 ವಿಕೆಟ್ಟನ್ನೂ ದಾಟಿದ್ದರು. ಆ ವರ್ಷ ಕರ್ನಾಟಕ ರಣಜಿ ಗೆದ್ದಿತು. ಇದೇ ತಂಡದ ಅನಿಲ್ ಕುಂಬ್ಳೆಯವರು ಟೆಸ್ಟ್‌ನಲ್ಲಿ ಪಡೆದದ್ದು 619. ಐಸಿಸಿಯ ಕೀರ್ತಿಮಂದಿರಕ್ಕೆ ಅವರು 2015ರಲ್ಲಿ ಸಲ್ಲಬೇಕಾದ ರೀತಿಯಲ್ಲೇ ಸಂದರು. 619 ಮತ್ತು 615. ಅಂಕಿ ಹತ್ತಿರ, ದಾರಿ ಎಷ್ಟು ದೂರ! ಟೆಸ್ಟಿನ ವಿಕೆಟ್ಟಿಗೂ ರಣಜಿಯ ವಿಕೆಟ್ಟಿಗೂ ಒಂದೇ ಬೆಲೆ ಎಂದು ವಾದಿಸುವಷ್ಟು ಕುರುಡು ನನಗಿಲ್ಲ. ಗದಗಿನ ಅಭಿಮಾನ ಪಕ್ಕಕ್ಕಿಟ್ಟು ಹೇಳುವುದಾದರೆ, ಲೋಕದ ಮಂದಿರಕ್ಕೆ ಹದಿನೈದು ಟೆಸ್ಟ್ ಸಾಲದು. ಬಾಗಿಲೆಂದ ಮೇಲೆ ಹೊಸ್ತಿಲು ಇರಲೇಬೇಕು. ಎಲ್ಲರನ್ನೂ ಒಳಗೆ ಬಿಟ್ಟರೆ ಅದು ಮಂದಿರವಾಗದು, ಬಸ್ ನಿಲ್ದಾಣವಾಗುತ್ತದೆ.

ಆದರೂ ಹೊಸ್ತಿಲ ಈಚೆ ನಿಂತವರ ಬಗ್ಗೆ ಒಂದು ಸಂಕಟ ಉಳಿಯುತ್ತದೆ. ಜೋಶಿಯವರಿಗಾದರೂ ಹದಿನೈದು ಟೆಸ್ಟ್ ಸಿಕ್ಕವು. ಅವರಂತೆಯೇ ಎಡಗೈ ಸ್ಪಿನ್ನರಾದ ಹರಿಯಾಣದ ರಾಜಿಂದರ್ ಗೋಯಲ್ ರಣಜಿಯಲ್ಲಿ 637 ವಿಕೆಟ್ ಕಿತ್ತರು. ಟೆಸ್ಟ್ ಒಂದೂ ಇಲ್ಲ. ಭಾರತ ತಂಡದಲ್ಲಿ ಅದೇ ಎಡಗೈ ಸ್ಪಿನ್ನಿಗೆ ಬಿಷನ್ ಸಿಂಗ್ ಬೇಡಿ ಇದ್ದರಲ್ಲ. 1974ರಲ್ಲಿ ಬೆಂಗಳೂರಿನ ಟೆಸ್ಟಿಗೆ ಬೇಡಿಯವರನ್ನು ಶಿಸ್ತಿನ ಕಾರಣಕ್ಕೆ ಕೈಬಿಟ್ಟಾಗ ಗೋಯಲ್ ತಂಡಕ್ಕೆ ಬಂದರು. ಬಂದರು, ಮೈದಾನಕ್ಕಿಳಿಯಲಿಲ್ಲ, ಹನ್ನೊಂದರಲ್ಲಿ ಹೆಸರಿರಲಿಲ್ಲ. ನಲವತ್ತೆರಡು ವರ್ಷಗಳ ನಂತರ, 2017ರ ಮಾರ್ಚ್‌ನಲ್ಲಿ, ಅದೇ ಬೆಂಗಳೂರಿನಲ್ಲಿ ಕ್ರಿಕೆಟ್ ಮಂಡಳಿ ಅವರಿಗೂ ಮುಂಬಯಿಯ ಪದ್ಮಾಕರ್ ಶಿವಾಲ್ಕರ್ ಅವರಿಗೂ ಸಿ.ಕೆ. ನಾಯ್ಡು ಜೀವಮಾನ ಸಾಧನೆ ಪ್ರಶಸ್ತಿ ಕೊಟ್ಟಿತು. ಶಿವಾಲ್ಕರ್ ಅವರದೂ ಅದೇ ಹಣೆಬರಹ: 589 ವಿಕೆಟ್, ಟೆಸ್ಟ್ ಸೊನ್ನೆ. ದೇಶಕ್ಕೆ ಒಂದೂ ಟೆಸ್ಟ್ ಆಡದವರಿಗೆ ದೇಶದ ಮಂಡಳಿ ತನ್ನ ದೊಡ್ಡ ಮರ್ಯಾದೆ ಕೊಟ್ಟಿತು. ಮಂಡಳಿಯ ಬಗ್ಗೆ ನನಗೆ ಒಳ್ಳೆಯ ಮಾತು ಹೊರಡುವುದು ಅಪರೂಪ. ಈ ಒಂದಕ್ಕೆ ಕೈ ಮುಗಿಯುತ್ತೇನೆ.

ನಿದ್ದೆ ಬರಲಿಲ್ಲ. ಕ್ಯಾಂಟನ್ನಿನವರಿಗೆ 1963ರಲ್ಲಿ ಹೊಳೆದದ್ದು ನಮ್ಮವರಿಗೆ ಸಾವಿರ ವರ್ಷದ ಹಿಂದೆಯೇ ಹೊಳೆದಿತ್ತಲ್ಲ ಎಂದು ಹೊರಳಾಡಿದೆ. ನಮ್ಮ ಕಡೆ ಯಾವ ಹಳ್ಳಿಗೆ ಹೋದರೂ ಹಣಮಪ್ಪನ ಗುಡಿಯ ಹಿಂದೆಯೋ ಕೆರೆಯ ದಂಡೆಯಲ್ಲೋ ಒಂದು ವೀರಗಲ್ಲು ವಾಲಿ ನಿಂತಿರುತ್ತದೆ. ಕೆಳಗಿನ ಪಟ್ಟಿಯಲ್ಲಿ ಕಾಳಗ, ನಡುವೆ ಅಪ್ಸರೆಯರು ಎತ್ತಿಕೊಂಡು ಹೋಗುವುದು, ಮೇಲೆ ಲಿಂಗದ ಮುಂದೆ ಕೈಮುಗಿದು ಕೂತ ವೀರ. ಅವನು ರಾಜನಲ್ಲ. ಎಷ್ಟೋ ಕಲ್ಲುಗಳಲ್ಲಿ ಅವನು ಊರಿನ ದನ ಹೊಡೆದುಕೊಂಡು ಹೋಗುತ್ತಿದ್ದವರನ್ನು ಅಡ್ಡಗಟ್ಟಿ ಸತ್ತ ಸಾಮಾನ್ಯ ಒಕ್ಕಲಿಗ. ಎಷ್ಟು ಜನರನ್ನು ಕೊಂದ, ನಾಡಿನಲ್ಲಿ ಎಷ್ಟನೆಯ ಶೂರ ಎಂದು ಯಾರೂ ಕೇಳಲಿಲ್ಲ. ತುರು ಮರಳಿ ಬಂತು, ಅವನು ಬರಲಿಲ್ಲ. ಯಾರ ಕೊಟ್ಟಿಗೆಗೆ ಆಕಳು ಮರಳಿತೋ ಅವರು ಕಲ್ಲು ನಿಲ್ಲಿಸಿದರು.

ಮಂಡ್ಯ ಸೀಮೆಯ ಆತಕೂರಿನಲ್ಲಿ ಕ್ರಿ.ಶ. 949ರ ಹೊತ್ತಿಗೆ ನಾಯಿಗೂ ಒಂದು ಕಲ್ಲಾಯಿತು. ಕಾಳಿ ಎಂಬ ಹೆಸರಿನ ನಾಯಿ ಹಂದಿಯ ಮೇಲೆ ಬಿದ್ದು, ಹಂದಿಯೂ ಸತ್ತು ತಾನೂ ಸತ್ತಿತು. ಒಡೆಯನಾದ ಮಣಲೇರ ಕಲ್ಲು ನೆಡಿಸಿ ಭೂಮಿ ಬಿಟ್ಟ. ಆ ಕಲ್ಲಿಗೆ ಪೂಜೆ ಮಾಡದೆ ಅಲ್ಲಿನ ಶೈವ ಪೂಜಾರಿಯಾದ ಗೊರವ ಉಂಡರೆ ನಾಯಿಯ ಪಾಪ ಅವನಿಗೆ ತಟ್ಟಲಿ ಎಂದೂ ಬರೆಸಿದ. ಅನ್ನಕ್ಕೆ ಕೈ ಹಾಕುವ ಮೊದಲು ಒಂದು ನಾಯಿಯನ್ನು ನೆನೆ ಎಂಬ ಕಟ್ಟಳೆ! ಯಾವ ಊರಿನ ಯಾವ ಮಂದಿರದಲ್ಲಿ ಇದಕ್ಕಿಂತ ದೊಡ್ಡ ಗೌರವ ಸಿಕ್ಕೀತು?

ಇದೆಲ್ಲ ಹಳೆಯ ಕಾಲದ ಮಾತೆಂದು ತಳ್ಳಿಹಾಕುವಂತಿಲ್ಲ. 1980ರ ಜುಲೈ 21ರಂದು ಮಲಪ್ರಭಾ ಕಾಲುವೆಯ ಕರದ ವಿರುದ್ಧ ನರಗುಂದ, ನವಲಗುಂದದ ರೈತರು ಎದ್ದಾಗ ಗೋಲಿಬಾರ್ ಆಯಿತು. ಅಳಗವಾಡಿಯ ಬಸಪ್ಪ ಲಕ್ಕುಂಡಿ ನವಲಗುಂದದಲ್ಲಿ ಬಿದ್ದರು. ಸತ್ತ ರೈತರಿಗೆ ಎಬ್ಬಿಸಿದ ಕಲ್ಲನ್ನು ಜನ ಇವತ್ತಿಗೂ ವೀರಗಲ್ಲು ಎಂದೇ ಕರೆಯುತ್ತಾರೆ. ಪ್ರತಿ ಜುಲೈ 21ಕ್ಕೆ ಹಸಿರು ಟವೆಲ್ಲಿನವರು ಬಂದು ಮಾಲೆ ಹಾಕುತ್ತಾರೆ. ಹಿಂದೆ ಹಾರ ತುರಾಯಿಯೊಂದಿಗೆ ಮಂತ್ರಿಗಳ ಕಾರೂ ಬರುತ್ತದೆ, ಆ ಮಾತು ಬಿಡಿ.

ಕಲ್ಲು ಸಿಗದವರೂ ನಮ್ಮಲ್ಲೇ ಇದ್ದಾರೆ. 2010ರಲ್ಲಿ ಅಣ್ಣಿಗೇರಿಯಲ್ಲಿ ಗಟಾರದ ಕೆಲಸಕ್ಕೆ ಅಗೆದಾಗ ನೂರಾರು ತಲೆಬುರುಡೆ ಸಾಲಾಗಿ ಹೊರಬಿದ್ದವು. ಯುದ್ಧವೋ ಬರಗಾಲವೋ ಎಂದು ವಾದಗಳಾದವು. ನಾನೂ ಹೋಗಿ ನೋಡಿದ್ದೆ. ಹಲ್ಲುಗಳು ಇನ್ನೂ ಗಟ್ಟಿಯಾಗಿದ್ದವು. ಅಲ್ಲಿಂದ ಕೂಗಳತೆಯಲ್ಲಿ ಅಮೃತೇಶ್ವರನ ಗುಡಿ, ಎಪ್ಪತ್ತಾರು ಕಂಬದ್ದು, ಒಂದೊಂದು ಕಂಬವೂ ಕನ್ನಡಿಯಷ್ಟು ನುಣುಪು. ಕಂಬ ಕಡೆದವರ ಹೆಸರೂ ಉಳಿದಿಲ್ಲ, ಬುರುಡೆಯವರ ಹೆಸರೂ ಉಳಿದಿಲ್ಲ.

ಈ ಎಲ್ಲದರಿಂದ ನನಗೆ ತಿಳಿದದ್ದು ಒಂದು. 'ಯೋಗ್ಯನೇ?' ಎಂಬುದು ದೂರದವರು ಕೇಳುವ ಪ್ರಶ್ನೆ. ಕೇಳಲಿ, ತಪ್ಪಿಲ್ಲ, ಅಪರಿಚಿತರು ತೂಗಿದ ತೂಕಕ್ಕೆ ಅದರದೇ ನಂಬಿಕೆಯಿದೆ. ಹತ್ತಿರದವರು ಕೇಳಿಕೊಳ್ಳಬೇಕಾದದ್ದು ಬೇರೆ: ನಾನು ಇವನಿಗೆ ಏನು ಬಾಕಿ? ಕುಂದಗೋಳದ ಗಾಯಕ ರಾಮಭಾವು ಅವರಿಗೆ 'ಸವಾಯಿ ಗಂಧರ್ವ' ಎಂಬ ಹೆಸರು ಬಿತ್ತು. ಸವಾಯಿ ಎಂದರೆ ಒಂದೂಕಾಲು, ಮರಾಠಿ ರಂಗಭೂಮಿಯ ಗಾಯಕ ನಟ ಬಾಲಗಂಧರ್ವರಿಗಿಂತ ಕಾಲು ಪಾಲು ಹೆಚ್ಚು ಎಂಬ ಲೆಕ್ಕ. ಅದು ಕೇಳುಗರ ತಕ್ಕಡಿ. 1952ರಲ್ಲಿ ಅವರು ತೀರಿಕೊಂಡರು. ಮರುವರ್ಷವೇ ಪುಣೆಯಲ್ಲಿ ಅವರ ಹೆಸರಿನ ಸಂಗೀತೋತ್ಸವ ಶುರುವಾಗಿ, ಅದನ್ನು ದಶಕಗಳ ಕಾಲ ಹೊತ್ತು ನಡೆಸಿದವರು ಶಿಷ್ಯ ಭೀಮಸೇನ ಜೋಶಿ. ಅವರೂ ಗದಗಿನವರೇ, ಅವರೂ ಹುಡುಗರಿದ್ದಾಗ ಊರು ಬಿಟ್ಟು ವಿದ್ಯೆ ಹುಡುಕಿ ರೈಲು ಹತ್ತಿದವರೇ. ಕೊನೆಗೆ ಗುರು ಸಿಕ್ಕದ್ದು ಮನೆಯ ಹತ್ತಿರದ ಕುಂದಗೋಳದಲ್ಲಿ. ಶಿಷ್ಯನಿಗೆ 2008ರಲ್ಲಿ ಭಾರತರತ್ನ ಬಂತು. ಗುರುವಿನ ಹೆಸರನ್ನು ಇವತ್ತಿಗೂ ಜನರ ಬಾಯಲ್ಲಿಟ್ಟದ್ದು ಯಾವ ಆಯ್ಕೆ ಸಮಿತಿಯೂ ಅಲ್ಲ, ಒಬ್ಬ ಶಿಷ್ಯನ ಬಾಕಿ ಲೆಕ್ಕ.

ಸುನಿಲ್ ಜೋಶಿಯವರೂ ಹಾಗೆ ತಮ್ಮ ಬಾಕಿ ತೀರಿಸುತ್ತಲೇ ಇದ್ದಾರೇನೋ. ಆಟ ಮುಗಿಸಿ ಕೋಚ್ ಆದರು. 2014ರ ಡಿಸೆಂಬರಿನಲ್ಲಿ ಜಮ್ಮು-ಕಾಶ್ಮೀರದ ತಂಡ ವಾಂಖೆಡೆಗೆ ಹೋಗಿ ಮುಂಬಯಿಯನ್ನೇ ಸೋಲಿಸಿದಾಗ ಆ ಹುಡುಗರ ಕೋಚ್ ಅವರೇ. ಅಭ್ಯಾಸಕ್ಕೆ ಊರು ಬಿಟ್ಟು ಊರಿಗೆ ಹೋಗಬೇಕಾದ ಹುಡುಗರ ಪಾಡು ಅವರಷ್ಟು ಯಾರಿಗೆ ಗೊತ್ತು? 2020ರಲ್ಲಿ ರಾಷ್ಟ್ರೀಯ ಆಯ್ಕೆ ಸಮಿತಿಯ ಅಧ್ಯಕ್ಷರಾದರು. ಹೊಸ್ತಿಲ ಹೊರಗೆ ನಿಂತವರ ಕೈಗೆ ಕೆಲವು ತಿಂಗಳು ಬಾಗಿಲ ಅಗಳಿ ಬಂದಿತ್ತು.

ಹಾಗಾದರೆ ನಮ್ಮ ಬಾಕಿ? ಅಣ್ಣಿಗೇರಿಯ ಸ್ಟೇಶನ್ನಿನಲ್ಲಿ ಒಂದು ಫೋಟೋ ಹಾಕಬೇಕು, ಕೆಳಗೆ ಇಷ್ಟು ಬರೆದರೆ ಸಾಕು ಎಂದು ನನ್ನ ಆಸೆ: ಈ ಹುಡುಗ ದಿನಾ ಈ ದಾರಿಯಲ್ಲಿ ಹೋಗಿ ಬರುತ್ತಿದ್ದ. ವಿಕೆಟ್ಟಿನ ಲೆಕ್ಕವೂ ಬೇಡ.

ಮರುದಿನ ಬೆಳಿಗ್ಗೆ ಪೈಲ್ವಾನರು ಬರುವ ಮೊದಲೇ ನಾನು ಬಿಳಿ ಹಾಳೆ ತೆಗೆದುಕೊಂಡು ಕೂತಿದ್ದೆ. ಸರ್ಟಿಫಿಕೇಟ್ ಇಲ್ಲದಿದ್ದರೆ ಕಣ್ಣಾರೆ ಕಂಡವನ ಸಾಕ್ಷಿಯಾದರೂ ಇರಲಿ. ಹನ್ನೊಂದು ವರ್ಷದವನಿದ್ದಾಗ ಅಪ್ಪನ ಹೆಗಲ ಮೇಲೆ ಕೂತು ನೋಡಿದ ಕುಸ್ತಿ ಅದು, ಕಡಗದ ಜೋಡಿ. ಎದುರಿಗೆ ಕೊಲ್ಲಾಪುರದ ತಾಲೀಮಿನಲ್ಲಿ ತಯಾರಾದ ಪೈಲ್ವಾನ, ಇವರಿಗಿಂತ ಒಂದು ಗೇಣು ಎತ್ತರ. ಅರ್ಧ ತಾಸು ಇಬ್ಬರೂ ಬಿಡಲಿಲ್ಲ. ಮೈಗೆ ಎರಚಿಕೊಂಡ ಕೆಮ್ಮಣ್ಣು ಬೆವರಿನಲ್ಲಿ ಕಲಸಿ ಇಬ್ಬರೂ ಒಂದೇ ಬಣ್ಣವಾಗಿ, ಯಾವ ಕೈ ಯಾರದೆಂದು ತಿಳಿಯದಂತಾಗಿತ್ತು. ಕೊನೆಗೆ ನಮ್ಮವರು ಅವನನ್ನು ಚೀತ್ ಮಾಡಿದರು, ಜನ ಹೆಗಲ ಮೇಲೆ ಹೊತ್ತು ಕುಣಿದರು. ಇಷ್ಟನ್ನೂ ಬರೆದು, ಕೆಳಗೆ ನಿವೃತ್ತ ಶಿಕ್ಷಕ ಎಂದು ಸಹಿ ಹಾಕಿದ್ದೆ.

ಪೈಲ್ವಾನರು ಬಂದು ಕೂತರು. ಓದಿ ಹೇಳಿದೆ. ಕಣ್ಣು ಮುಚ್ಚಿ ಕೇಳಿದರು. ಕೊಲ್ಲಾಪುರದವನ ಎತ್ತರ ಬಂದಾಗ ನಕ್ಕರು. ಕೊನೆಯ ಸಾಲಿಗೆ ಬಂದಾಗ ಕೈ ಎತ್ತಿದರು.

"ತಪ್ಪೈತಿ ಮಾಸ್ತರ."

"ಏನ್ ತಪ್ಪರಿ ಕಾಕಾ? ನಾನ ನೋಡೇನಿ."

"ನೀವ್ ಸಣ್ಣಾವ್ರ ಇದ್ರಿ. ಅವತ್ತ ನಾ ಗೆದ್ದಿಲ್ಲ. ಹೊತ್ತ ಮುಳುಗಿತ್ತು, ಕಂದೀಲ ತರಿಸಿದ್ರು. ಕಂದೀಲದ ಬೆಳಕಿನ್ಯಾಗ ಹಿರ್‍ಯಾರು ನಡುವ ಬಂದು ಜೋಡಿ ಬಿಡಿಸಿದ್ರು. ಬರೋಬರಿ ಆತು. ಕಡಗ ಯಾರಿಗೂ ಕೊಡಲಿಲ್ಲ. ಇದ್ ಬ್ಯಾರೆ ಊರಂದು."

"ಜನ ಹೊತ್ತ ಕುಣದ್ರಲ್ಲ?"

"ಕುಣದ್ರು. ಇಬ್ಬರನ್ನೂ ಹೊತ್ತ ಕುಣದ್ರು."

ಅರ್ಜಿಗೆ ಗೆಲುವೇ ಒಳ್ಳೆಯದು, ಈಗ ಯಾರು ಹೋಗಿ ನೋಡುತ್ತಾರೆ ಎಂದು ನಾನು ಮೆಲ್ಲಗೆ ಅಂದೆ. ಅವರು ಕಡಗವನ್ನು ಕೆಂಪು ವಸ್ತ್ರದಲ್ಲಿ ಸುತ್ತಿ ಗಂಟು ಹಾಕಿದರು. "ಕೊಲ್ಲಾಪುರದಾಂವ ಇನ್ನೂ ಇದ್ದಾನೋ ಇಲ್ಲೋ. ಇದ್ರ ಅವನೂ ಎಲ್ಲ್ಯರ ಅರ್ಜಿ ಬರಸ್ತಿರಬೇಕು. ಬರೋಬರಿ ಅಂತ ಬರೀರಿ."

ಹಾಳೆ ಹರಿದು, ಹೊಸದಾಗಿ ಬರೆದು, ಅವರ ಕೈಗೆ ಕೊಟ್ಟೆ.